ಹಳೆಯ ಬೈಕಿನ ಹೆಡ್ ಗ್ಯಾಸ್ಕೆಟ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಪುಣೆಗೆ ನೌಕರಿಗೆಂದು ಬಂದವರ ಹಿಂದೆಯೇ ಅಪ್ಪನ ಕಾಲದ ಬೈಕೂ ಬಂದುಬಿಡುವುದು ನಮ್ಮವರಲ್ಲಿ ಹೊಸದೇನಲ್ಲ. ಭೋಸರಿ, ಚಿಂಚವಡ, ಕಾತ್ರಜ್ ಕಡೆಯ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಕೆಎ-22, ಕೆಎ-25, ಕೆಎ-28 ಎಂದು ಬರೆದ ಹಳೆಯ ಹೀರೋ ಹೋಂಡಾ, ಆರ್‌ಎಕ್ಸ್ 100 ಮತ್ತು ಬುಲೆಟ್‌ಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ; ಅಪರೂಪಕ್ಕೊಮ್ಮೆ ಮೈಸೂರಿನಲ್ಲಿ ತಯಾರಾದ ಯೆಜ್ಡಿಯೂ ಸಿಗುತ್ತದೆ. ಇವುಗಳ ಒಡೆಯರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವೃತ್ತಿಯಿಂದ ಬೈಕ್ ಮೆಕ್ಯಾನಿಕ್ ಅಲ್ಲ, ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿಯುವವನು. ಆದ್ದರಿಂದ ಅಳತೆ, ಸಪಾಟುತನ ಮತ್ತು ಬಿಗಿತಗಳ ವಿಷಯದಲ್ಲಿ ನನ್ನ ಮಾತು ತುಸು ಉದ್ದವಾದರೆ ಓದುಗರು ಸಹಿಸಿಕೊಳ್ಳಬೇಕು.

ಹೆಡ್ ಗ್ಯಾಸ್ಕೆಟ್ ಎಂದರೇನು? ಅದು ಏನನ್ನು ತಡೆಯುತ್ತದೆ?

ಪಿಸ್ಟನ್ ಓಡಾಡುವ ಸಿಲಿಂಡರ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಗ್ಯಾರೇಜುಗಳಲ್ಲಿ ಇದನ್ನು ಹೆಡ್ ಪ್ಯಾಕಿಂಗ್ ಎಂದೇ ಕರೆಯುತ್ತಾರೆ. ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡ ಹೊರಗೆ ನುಗ್ಗದಂತೆ ತಡೆಯುವುದು ಇದರ ಮುಖ್ಯ ಕೆಲಸ.

ಆರ್‌ಎಕ್ಸ್ 100, ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಅದಕ್ಕೆ ಇರುವುದು ಇದೊಂದೇ ಕೆಲಸ, ಏಕೆಂದರೆ ಅವುಗಳ ಹೆಡ್ಡಿನಲ್ಲಿ ವಾಲ್ವ್ (ತೆರೆದು ಮುಚ್ಚುವ ಕವಾಟ) ಇಲ್ಲ, ಎಣ್ಣೆಯ ದಾರಿಯೂ ಇಲ್ಲ. ಸಿಡಿ 100, ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಅದೇ ಹಾಳೆ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಗೆ ಏರುವ ಎಣ್ಣೆಯ ಕಿಂಡಿಯನ್ನೂ ಆ ಕ್ಯಾಮನ್ನು ತಿರುಗಿಸುವ ಕ್ಯಾಮ್ ಚೈನ್ ಓಡುವ ಸುರಂಗವನ್ನೂ ಕಾಯಬೇಕು. ಹೀಗಾಗಿ ಎರಡು ಬಗೆಯ ಎಂಜಿನ್‌ಗಳಲ್ಲಿ ಸೋರಿಕೆ ಒಂದೇ ರೀತಿ ಕಾಣಿಸುವುದಿಲ್ಲ.

ಹೆಡ್ಡಿನ ಬಳಿ ಎಣ್ಣೆ ಜಿನುಗುತ್ತಿದೆ. ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಬಹುದೇ?

ಖಂಡಿತ ಬೇಡ. ಈ ಪಾಠವನ್ನು ನಾನು ಕೈ ಸುಟ್ಟುಕೊಂಡು ಕಲಿತಿದ್ದೇನೆ. ಧಾರವಾಡದಿಂದ ತಂದ ನಮ್ಮ ತಂದೆಯ ಸಿಡಿ 100 ಬೈಕಿನ ಎಡಬದಿಯ ಫಿನ್‌ಗಳ (ಗಾಳಿಗೆ ತಣಿಯಲು ಇರುವ ಲೋಹದ ರೆಕ್ಕೆಗಳ) ಮೇಲೆ ಎಣ್ಣೆ ಕಂಡಾಗ, ಇಲ್ಲಿನ ಗ್ಯಾರೇಜೊಂದರಲ್ಲಿ ನೋಡಿದೊಡನೆ ‘ಹೆಡ್ ಪ್ಯಾಕಿಂಗ್ ಗೇಲಂಯ್’ (ಹೆಡ್ ಪ್ಯಾಕಿಂಗ್ ಹೋಗಿದೆ) ಎಂದರು. ನಾನೂ ಹೂಂ ಎಂದೆ. ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಎಣ್ಣೆ ನಿಲ್ಲಲಿಲ್ಲ. ಮತ್ತೆ ಕರೆದೊಯ್ದಾಗ ರಿಂಗ್ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ನಟ್‌ಗಳನ್ನು ಇನ್ನೂ ಬಿಗಿ ಮಾಡಿದರು. ಮೂರು ವಾರದ ನಂತರ ಕಾತ್ರಜ್ ಘಾಟ್ ಏರುವಾಗ ಎಂಜಿನ್‌ನಿಂದ ಹೊಸದೊಂದು ಸದ್ದು ಶುರುವಾಯಿತು, ಈ ಸಲ ನಿಜವಾಗಿಯೂ ಗ್ಯಾಸ್ ಸೋರುತ್ತಿತ್ತು. ಕೊನೆಗೆ ನಾನೇ ಕುಳಿತು ನೋಡಿದಾಗ ತಿಳಿದದ್ದೇನೆಂದರೆ, ಮೊದಲಿನ ಎಣ್ಣೆ ಬರುತ್ತಿದ್ದದ್ದು ಮೇಲಿನ ಟ್ಯಾಪೆಟ್ ಮುಚ್ಚಳದ (ವಾಲ್ವಿನ ಸಂದು ಹೊಂದಿಸಲು ತೆರೆಯುವ ಮುಚ್ಚಳದ) ಗಟ್ಟಿಯಾಗಿದ್ದ ರಬ್ಬರ್ ಓ-ರಿಂಗ್‌ನಿಂದ. ಇಲ್ಲದ ರೋಗಕ್ಕೆ ಮದ್ದು ಮಾಡಿ ಹೆಡ್ಡನ್ನು ಬಾಗಿಸಿಕೊಂಡಿದ್ದೆವು.

ಆ ಎಂಜಿನ್‌ಗಳಲ್ಲಿ ಸಿಲಿಂಡರ್ ಮುಂದಕ್ಕೆ ಚಾಚಿಕೊಂಡು ಹೆಚ್ಚುಕಡಿಮೆ ಮಲಗಿರುವುದರಿಂದ, ಟ್ಯಾಪೆಟ್ ಮುಚ್ಚಳದಲ್ಲೋ ಹೆಡ್ಡಿನ ಪಕ್ಕದ ಕವರಿನಲ್ಲೋ ಜಿನುಗಿದ ಎಣ್ಣೆಯನ್ನು ಎದುರುಗಾಳಿ ಹಿಂದಕ್ಕೆ ತಳ್ಳಿ ನೇರವಾಗಿ ಗ್ಯಾಸ್ಕೆಟ್ಟಿನ ಗೆರೆಯ ಮೇಲೆ ತಂದು ನಿಲ್ಲಿಸುತ್ತದೆ. ಅದಕ್ಕೆ ಧೂಳು ಮೆತ್ತಿಕೊಂಡ ಮೇಲೆ ಮೂಲ ಯಾವುದೆಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಮೊದಲು ತಣ್ಣಗಿರುವ ಎಂಜಿನ್‌ನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ನಂತರ ಗ್ಯಾಸ್ಕೆಟ್ಟಿನ ಗೆರೆಯ ಮೇಲೂ ಅದರ ಮುಂದಿರುವ ಎಲ್ಲ ಮುಚ್ಚಳಗಳ ಸುತ್ತಲೂ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಐದಾರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ನೋಡಿದರೆ, ಪೌಡರು ಮೊದಲು ಒದ್ದೆಯಾದ ಜಾಗವೇ ಸೋರಿಕೆಯ ಮೂಲ. ಪೌಡರಿಗೆ ಬದಲಾಗಿ ರಂಗೋಲಿ ಪುಡಿಯನ್ನು ಮಾತ್ರ ಯಾರೂ ಬಳಸಬೇಡಿ. ಅದು ಕಲ್ಲಿನ ಪುಡಿ. ಎಂಜಿನ್ ಬಿಚ್ಚಿದಾಗ ಒಂದು ಚಿಟಿಕೆ ಒಳಗೆ ಬಿದ್ದರೂ ಸಿಲಿಂಡರಿಗೆ ಗೀರು ಬೀಳುತ್ತದೆ.

ಎಣ್ಣೆಯಲ್ಲ, ಗ್ಯಾಸ್ ಸೋರುತ್ತಿದೆ ಎಂಬ ಅನುಮಾನವಿದೆ. ಅದನ್ನು ಹೇಗೆ ಪತ್ತೆ ಮಾಡುವುದು?

ಹೆಡ್ ಮತ್ತು ಬ್ಲಾಕಿನ ಗೆರೆಯ ಸುತ್ತ ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚಿ, ಇಗ್ನಿಷನ್ ಆಫ್ ಇಟ್ಟು, ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆಯಬೇಕು. ಗ್ಯಾಸ್ ಹೊರಗೆ ಬರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಓಡಿಸುವಾಗಲಾದರೆ ಏರಿನಲ್ಲಿ, ಎಂಜಿನ್ ಮೇಲೆ ಭಾರ ಬಿದ್ದಾಗ, ಹಕ್ಕಿ ಚಿಲಿಪಿಲಿಗುಟ್ಟಿದಂತೆ ಅಥವಾ ‘ಟಿಸ್ ಟಿಸ್’ ಎಂದು ಸದ್ದು ಕೇಳಿಸುತ್ತದೆ, ಥ್ರಾಟಲ್ ಬಿಟ್ಟೊಡನೆ ಅದು ಅಡಗುತ್ತದೆ. ಸೋರುವ ಜಾಗದ ಫಿನ್‌ಗಳ ನಡುವೆ ಒಣಗಿದ ಕಪ್ಪು ಮಸಿ ಕಾಣಿಸಿಕೊಳ್ಳುತ್ತದೆ. ಟೂ ಸ್ಟ್ರೋಕ್ ಆದರೆ ಆ ಮಸಿ ಜಿಡ್ಡಾಗಿರುತ್ತದೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಗ್ಗಿನ ಜಾಗಕ್ಕೆ ಗೇಜ್ ಹಾಕಿ, ಥ್ರಾಟಲ್ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆದು ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಂತರ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಗಮನಾರ್ಹವಾಗಿ ಏರಿದರೆ ದೋಷವಿರುವುದು ಪಿಸ್ಟನ್ನಿನ ರಿಂಗ್ ಅಥವಾ ಬೋರ್‌ನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ), ಏಕೆಂದರೆ ಆ ಎಣ್ಣೆ ಸ್ವಲ್ಪ ಹೊತ್ತು ರಿಂಗಿನ ಸಂದನ್ನು ಮುಚ್ಚಿರುತ್ತದೆ. ಏರದಿದ್ದರೆ ಗ್ಯಾಸ್ಕೆಟ್ ಅಥವಾ ವಾಲ್ವ್‌ಗಳನ್ನು ಅನುಮಾನಿಸಬೇಕು. ಟೂ ಸ್ಟ್ರೋಕ್ ಎಂಜಿನ್‌ನ ಹೆಡ್ಡಿನಲ್ಲಿ ವಾಲ್ವೇ ಇಲ್ಲದ ಕಾರಣ ಉಳಿಯುವುದು ಗ್ಯಾಸ್ಕೆಟ್ ಮತ್ತು ಪ್ಲಗ್ಗಿನ ವಾಷರ್ ಮಾತ್ರ.

ಫೋರ್ ಸ್ಟ್ರೋಕ್‌ನಲ್ಲಿ ಗ್ಯಾಸ್ ಹೊರಗೆ ಬರದೆ ಒಳಗೇ ಚೈನ್ ಸುರಂಗಕ್ಕೆ ನುಗ್ಗುವುದೂ ಉಂಟು. ಆಗ ಹೊರಗೆ ಗುಳ್ಳೆಯೂ ಇಲ್ಲ, ಮಸಿಯೂ ಇಲ್ಲ. ಎಂಜಿನ್‌ನ ಒಳಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಮಾತ್ರ ಎಂದಿಗಿಂತ ಜೋರಾಗಿ ಗಾಳಿ ಬರುತ್ತಿರುತ್ತದೆ.

ಆಯಿಲ್ ಹಾಲಿನಂತಾಗಿದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದೆ. ಇವು ಹೆಡ್ ಗ್ಯಾಸ್ಕೆಟ್ಟಿನ ಲಕ್ಷಣಗಳೇ?

ಕಾರಿನಲ್ಲಿ ಹೌದು, ಅಲ್ಲಿ ಕೂಲಂಟ್ ನೀರು ಗ್ಯಾಸ್ಕೆಟ್ ದಾಟಿ ಎಣ್ಣೆಗೆ ಬೆರೆಯುತ್ತದೆ. ನಮ್ಮ ಹಳೆಯ ಬೈಕುಗಳೆಲ್ಲ ಗಾಳಿಯಿಂದ ತಣಿಯುವಂಥವು, ಅವುಗಳಲ್ಲಿ ನೀರೇ ಇಲ್ಲ. ಪುಣೆಯ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಬೈಕಿನ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಕ್ಯಾಪಿನ ಕೆಳಗೆ ಬೆಣ್ಣೆಯಂತೆ ಕಟ್ಟುತ್ತದೆ. ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ಸಾಕು. ಇದೇ ಕಾರಣಕ್ಕೆ ರೇಡಿಯೇಟರಿಗೆ ಸುರಿಯುವ ‘ಲೀಕ್ ಸ್ಟಾಪ್’ ದ್ರವಗಳಿಂದ ನಮಗೆ ಯಾವ ಉಪಯೋಗವೂ ಇಲ್ಲ.

ಸೋರುತ್ತಿದ್ದರೂ ಬೆಳಗಾವಿಯವರೆಗೆ ಹೋಗಿ ಬರಬಹುದೇ?

ಎಣ್ಣೆ ಬರೀ ಜಿನುಗುತ್ತಿದ್ದರೆ, ಹನಿಯಾಗಿ ಬೀಳದಿದ್ದರೆ, ಡಿಪ್‌ಸ್ಟಿಕ್ಕನ್ನು ನೂರು ಕಿಲೋಮೀಟರಿಗೊಮ್ಮೆ ನೋಡಿಕೊಂಡು ಹೋಗಿ ಬರಬಹುದು. ಎಣ್ಣೆ ಹಿಂದಿನ ಟೈರಿನವರೆಗೆ ಹಾರುತ್ತಿದ್ದರೆ ಊರೊಳಗೂ ಓಡಿಸಬಾರದು.

ಗ್ಯಾಸ್ ಸೋರುತ್ತಿದ್ದರೆ ಮಾತ್ರ ನನ್ನ ಉತ್ತರ ಸ್ಪಷ್ಟ: ಹೋಗಬೇಡಿ. ಪ್ರತಿ ಸ್ಫೋಟದಲ್ಲೂ ಆ ಕೂದಲೆಳೆಯ ಸಂದಿನಿಂದ ನುಗ್ಗುವ ಬೆಂಕಿಯಂಥ ಗಾಳಿ ಅಲ್ಯೂಮಿನಿಯಂ ಹೆಡ್ಡಿನ ಮುಖವನ್ನೇ ಕೊರೆದು ಕಾಲುವೆ ಮಾಡುತ್ತದೆ. ಇಂದು ಗ್ಯಾಸ್ಕೆಟ್ ಒಂದರಿಂದ ಮುಗಿಯುವ ಕೆಲಸ ಖಂಬಾಟ್ಕಿ ಘಾಟ್ ಹತ್ತಿ ಇಳಿಯುವಷ್ಟರಲ್ಲಿ ಹೆಡ್ಡನ್ನು ಲೇತ್‌ಗೆ ಹಾಕುವ ಕೆಲಸವಾಗಿರುತ್ತದೆ. ಮುಂಬೈ ಕಡೆಗಾದರೂ ಅಷ್ಟೇ; ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲದ ಕಾರಣ ಹಳೆಯ ಹೆದ್ದಾರಿಯಲ್ಲಿ ಖಂಡಾಳಾ ಘಾಟ್ ಇಳಿಯಲೇಬೇಕು, ಬರುವಾಗ ಅದನ್ನೇ ಏರಬೇಕು.

ಟೂ ಸ್ಟ್ರೋಕ್ ಬೈಕಿನವರು ಇನ್ನೊಂದನ್ನು ಗಮನಿಸಬೇಕು. ಸೋರುತ್ತಿರುವುದು ಮೇಲಿನ ಹೆಡ್ ಗ್ಯಾಸ್ಕೆಟ್ ಅಲ್ಲದೆ ಬ್ಲಾಕಿನ ಬುಡದ ಬೇಸ್ ಗ್ಯಾಸ್ಕೆಟ್ ಆಗಿದ್ದರೆ, ಎಂಜಿನ್ ಅಲ್ಲಿಂದ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಂಡು, ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗೆ ಬರುವ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಜಾಮ್ ಆಗುವ ಅಪಾಯವಿದೆ. ಅದು ಹೆಡ್ ಸೋರಿಕೆಗಿಂತಲೂ ಕೆಟ್ಟದ್ದು.

ಬಿಚ್ಚದೆ, ನಟ್‌ಗಳನ್ನು ಬಿಗಿ ಮಾಡಿದರೆ ನಿಲ್ಲುವುದಿಲ್ಲವೇ?

ನಟ್‌ಗಳು ನಿಜವಾಗಿ ಸಡಿಲವಾಗಿದ್ದರೆ ನಿಲ್ಲುತ್ತದೆ. ತಣ್ಣಗಿರುವ ಎಂಜಿನ್ ಮೇಲೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಮ್ಯಾನುವಲ್ ಹೇಳಿದ ಬಿಗಿತಕ್ಕೆ ತಂದು ನೋಡುವುದು ಮೊದಲ ಹೆಜ್ಜೆಯಾಗಿ ಸರಿಯೇ. ಆ ಬಿಗಿತ ಆಗಲೇ ಇದ್ದೂ ಸೋರುತ್ತಿದ್ದರೆ ಇನ್ನಷ್ಟು ಎಳೆಯುವುದರಿಂದ ನಟ್ ಕೂರುವ ತಿರುಪಿನ ಕಂಬಿ, ಅಂದರೆ ಸ್ಟಡ್, ಕೀಳುತ್ತದೆ ಇಲ್ಲವೇ ಹೆಡ್ ಬಾಗುತ್ತದೆ. ನಮ್ಮ ಸಿಡಿ 100ಗೆ ಆದದ್ದು ಎರಡನೆಯದು.

ಗ್ಯಾಸ್ಕೆಟ್ ಹಾಳಾಗಲು ಕಾರಣವೇನು? ವಯಸ್ಸೇ?

ವಯಸ್ಸು ಒಂದು ಕಾರಣ ಹೌದು. ಬಿಸಿಯಾಗಿ ತಣ್ಣಗಾಗುವ ಸಾವಿರಾರು ಸುತ್ತುಗಳಲ್ಲಿ ಹಾಳೆ ಚಪ್ಪಟೆಯಾಗುತ್ತಾ ಹೋಗಿ ಮತ್ತೆ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ಆದರೆ ಇಪ್ಪತ್ತು ವರ್ಷ ತೆಪ್ಪಗಿದ್ದ ಗ್ಯಾಸ್ಕೆಟ್ ಈಗ ಮಾತ್ರ ಬಾಯಿಬಿಟ್ಟಿದ್ದರೆ, ಅದರ ಹಿಂದೆ ಬೇರೊಂದು ಕಾರಣ ಅಡಗಿದೆಯೇ ಎಂದು ಹುಡುಕದೆ ಹೊಸದನ್ನು ಹಾಕುವುದು ದಂಡ. ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುವುದು, ಇಗ್ನಿಷನ್ ಟೈಮಿಂಗ್ ಮುಂದಾಗಿ ಎಂಜಿನ್ ಬಡಿದುಕೊಳ್ಳುವುದು, ಹೆಡ್ಡಿನೊಳಗೆ ಕಾರ್ಬನ್ ದಪ್ಪಗೆ ಕಟ್ಟಿ ಒತ್ತಡ ಏರುವುದು, ಫಿನ್‌ಗಳ ನಡುವೆ ಕೆಸರು ಒಣಗಿ ಗಾಳಿ ಸುಳಿಯದಿರುವುದು ಇವೆಲ್ಲ ನಾನು ಕಂಡ ಕಾರಣಗಳು. ಹಿಂದೊಮ್ಮೆ ಹೆಡ್ ಬಿಚ್ಚಿದವರು ಮಾಡಿದ ತಪ್ಪು ಇವೆಲ್ಲಕ್ಕಿಂತ ಹೆಚ್ಚು ಸಲ ಕಾಣಸಿಗುತ್ತದೆ.

ಎಂಜಿನ್ ಕೆಳಗಿಳಿಸಬೇಕೇ? ಬಿಚ್ಚುವಾಗ ಏನನ್ನು ಗಮನಿಸಬೇಕು?

ಮೇಲೆ ಹೇಳಿದ ಬೈಕುಗಳಲ್ಲಿ ಎಂಜಿನ್ ಫ್ರೇಮಿನಲ್ಲೇ ಇರುವಾಗ ಹೆಡ್ ಬಿಚ್ಚಬಹುದು. ರಾತ್ರಿಯಿಡೀ ತಣ್ಣಗಾದ ಮೇಲೆ ಬೆಳಿಗ್ಗೆ ಬಿಚ್ಚಿ. ಬಿಸಿ ಹೆಡ್ಡಿನ ನಟ್ ಸಡಿಲಿಸಿದರೆ ಅದು ಬಾಗುವ ಸಾಧ್ಯತೆ ಹೆಚ್ಚು. ನಟ್‌ಗಳನ್ನೂ ಒಂದೊಂದಾಗಿ ಪೂರ್ತಿ ಬಿಚ್ಚಬಾರದು, ಎದುರುಬದುರಾಗಿ ಕಾಲು ಸುತ್ತಿನಂತೆ ಎಲ್ಲವನ್ನೂ ಒಟ್ಟಿಗೆ ಸಡಿಲಿಸುತ್ತಾ ಬರಬೇಕು.

ಕ್ಯಾಮ್ ಚೈನ್ ಇರುವ ಎಂಜಿನ್‌ನಲ್ಲಿ ಬಿಚ್ಚುವ ಮೊದಲೇ ಫ್ಲೈವೀಲ್ ಮೇಲಿನ ‘ಟಿ’ ಗುರುತನ್ನು ಕೇಸಿನ ಗೆರೆಗೆ ತಂದು, ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಎಲ್ಲಿ ನಿಂತಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಚೈನನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಸುರಂಗದೊಳಗೆ ಶುಭ್ರವಾದ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಕೆರೆದು ತೆಗೆದ ಹಳೆಯ ಗ್ಯಾಸ್ಕೆಟ್ ಚೂರುಗಳೆಲ್ಲ ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್ ಕೇಸಿಗೆ ಬೀಳುತ್ತವೆ. ಯಾವ ನಟ್, ಯಾವ ವಾಷರ್ ಎಲ್ಲಿತ್ತು ಎಂಬುದೂ ಮುಖ್ಯ. ಎಣ್ಣೆ ಏರುವ ಸ್ಟಡ್‌ನ ಮೇಲೆ ತಾಮ್ರದ ವಾಷರ್ ಮತ್ತು ಮುಚ್ಚಿದ ತಲೆಯ ನಟ್ ಇದ್ದರೆ ಅವು ಅಲ್ಲಿಗೇ ಮರಳಬೇಕು. ನಾನು ರಟ್ಟಿನ ತುಂಡಿನ ಮೇಲೆ ಹೆಡ್ಡಿನ ಚಿತ್ರ ಬರೆದು, ಅದರಲ್ಲಿ ತೂತು ಮಾಡಿ, ನಟ್‌ಗಳನ್ನು ಅವುಗಳ ಜಾಗದಲ್ಲೇ ಸಿಕ್ಕಿಸಿಡುತ್ತೇನೆ.

ಹಳೆಯ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿರುವಾಗ ತಂತಿ ಬ್ರಷ್ಷಿನಿಂದ ಉಜ್ಜುವುದಾಗಲಿ, ಗಾಳಿ ಊದಿ ಧೂಳೆಬ್ಬಿಸುವುದಾಗಲಿ ಬೇಡ. ನೀರಿನಿಂದ ಒದ್ದೆ ಮಾಡಿ, ಬಿದಿರಿನ ಚಕ್ಕೆ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಎಬ್ಬಿಸಿ, ಚೂರುಗಳನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲ್ಯೂಮಿನಿಯಂ ಮುಖದ ಮೇಲೆ ಬೀಳುವ ಒಂದು ಗೀರೇ ಮುಂದಿನ ಸೋರಿಕೆಯ ದಾರಿಯಾಗುತ್ತದೆ.

ಹೆಡ್ ಬಾಗಿದೆಯೇ ಎಂದು ತಿಳಿಯುವುದು ಹೇಗೆ? ಬಾಗಿದ್ದರೆ ಏನು ಮಾಡಬೇಕು?

ನನ್ನನ್ನು ಕೇಳಿದರೆ ಇಡೀ ಕೆಲಸದ ಹೃದಯ ಇದೇ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತವೂ ಇದೇ.

ಹೆಡ್ಡಿನ ಮುಖವನ್ನು ಶುಚಿಗೊಳಿಸಿ, ನಂಬಿಕೆಯ ಸ್ಟೀಲ್ ಸ್ಟ್ರೈಟ್ ಎಡ್ಜನ್ನು (ನೇರ ಅಂಚಿನ ಪಟ್ಟಿಯನ್ನು) ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಮತ್ತು ಎರಡೂ ಕರ್ಣಗಳ ದಿಕ್ಕಿನಲ್ಲಿ ಇಟ್ಟು, ಕೆಳಗಿನ ಸಂದಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆ) ತೂರಿಸಿ ನೋಡಬೇಕು. ಮ್ಯಾನುವಲ್ಲಿನಲ್ಲಿ ಮಿತಿ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಇಷ್ಟು ಸಣ್ಣ ಹೆಡ್ಡಿನಲ್ಲಿ 0.05 ಮಿಲಿಮೀಟರಿನ ಎಲೆ ಒಳಗೆ ಹೋದರೂ ನಾನು ಮುಖ ಸಮ ಮಾಡದೆ ಜೋಡಿಸುವುದಿಲ್ಲ. ನೆನಪಿರಲಿ, ಅದು ತಲೆಗೂದಲಿಗಿಂತಲೂ ತೆಳು. ಬರಿಗಣ್ಣಿಗೆ ‘ಸಪಾಟಾಗಿದೆ’ ಎಂದು ಕಾಣುವ ಮುಖದಲ್ಲಿ ಇದರ ಎರಡರಷ್ಟು ಬಾಗು ಇರಬಹುದು.

ನಮ್ಮ ಸಿಡಿ 100ರ ಹೆಡ್ಡನ್ನು ಕಾರ್ಖಾನೆಯ ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಪಾಟಾದ ಫಲಕದ) ಮೇಲೆ ನೀಲಿ ಬಣ್ಣ ಹಚ್ಚಿ ಒಮ್ಮೆ ಆಡಿಸಿ ಎತ್ತಿದಾಗ, ಬಣ್ಣ ಹತ್ತಿದ್ದು ನಾಲ್ಕು ಸ್ಟಡ್ ತೂತುಗಳ ಸುತ್ತ ಮಾತ್ರ. ನಟ್ ಎಳೆದ ಕಡೆಯೆಲ್ಲ ಲೋಹ ಕೆಳಗೆ ಜಗ್ಗಿ, ನಡುವಿನ ಭಾಗ, ಅಂದರೆ ಬೆಂಕಿಯನ್ನು ತಡೆಯಬೇಕಾದ ಉಂಗುರದ ಭಾಗ, ಬಿಲ್ಲಿನಂತೆ ಮೇಲೆ ನಿಂತಿತ್ತು. ಆ ಮುಖಕ್ಕೆ ಹತ್ತು ಗ್ಯಾಸ್ಕೆಟ್ ಹಾಕಿದ್ದರೂ ಪ್ರಯೋಜನವಿರಲಿಲ್ಲ.

ಬಾಗು ಅಲ್ಪವಾಗಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ಕನಿಷ್ಠ 10 ಮಿಲಿಮೀಟರ್ ದಪ್ಪದ ಗಾಜಿನ ತುಂಡನ್ನು ಮಟ್ಟಸವಾದ ಮೇಜಿನ ಮೇಲಿಟ್ಟು, ಅದರ ಮೇಲೆ 400 ನಂಬರಿನ ವಾಟರ್ ಪೇಪರನ್ನು ನೀರಿನಿಂದ ಅಂಟಿಸಿ, ಹೆಡ್ಡನ್ನು ಎರಡೂ ಕೈಗಳಿಂದ ಹಗುರವಾಗಿ ಹಿಡಿದು ಇಂಗ್ಲಿಷಿನ 8 ಅಂಕಿಯ ಆಕಾರದಲ್ಲಿ ಉಜ್ಜಬೇಕು. ಒಂದೇ ಕಡೆ ಭಾರ ಬೀಳದಂತೆ ಹತ್ತಿಪ್ಪತ್ತು ಸುತ್ತಿಗೊಮ್ಮೆ ಹೆಡ್ಡನ್ನು ಕಾಲು ತಿರುಗಿಸಿ ಹಿಡಿಯಬೇಕು. ಮೊದಲು ಅಲ್ಲಲ್ಲಿ ಮಾತ್ರ ಹೊಳಪು ಕಾಣಿಸಿ, ಬರಬರುತ್ತಾ ಮುಖವೆಲ್ಲ ಒಂದೇ ಬಗೆಯ ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ. ಆಗ 600 ನಂಬರಿನ ಕಾಗದದಲ್ಲಿ ಮುಗಿಸಿ, ಎಣ್ಣೆಯ ಕಿಂಡಿಗಳನ್ನೂ ತೂತುಗಳನ್ನೂ ಚೆನ್ನಾಗಿ ತೊಳೆಯಬೇಕು. ನಮ್ಮ ಹೆಡ್ಡಿಗೆ ಎರಡು ಭಾನುವಾರ ಹಿಡಿಯಿತು, ತೋಳು ನೋವು ಬೇರೆ. ಬಾಗು ಹೆಚ್ಚಿದ್ದರೆ, ಗ್ಯಾಸ್ ಕೊರೆದ ಕಾಲುವೆ ಉಗುರಿಗೆ ತಗಲುವಷ್ಟಿದ್ದರೆ, ಲೇತ್ ಅಥವಾ ಮಿಲ್ಲಿಂಗ್‌ನವರಲ್ಲಿ ಫೇಸಿಂಗ್ ಮಾಡಿಸುವುದೇ ಸರಿ. ಅವರಿಗೆ ‘ಮುಖ ಸಮವಾಗುವಷ್ಟು ಮಾತ್ರ’ ಎಂದು ಒತ್ತಿ ಹೇಳಿ, ಏಕೆಂದರೆ ತೆಗೆದ ಪ್ರತಿ ಎಳೆ ಲೋಹವೂ ಕಂಪ್ರೆಶನ್ನನ್ನು ಏರಿಸುತ್ತದೆ.

ಹೆಡ್ ನೋಡಿದ ಮೇಲೆ ಬ್ಲಾಕಿನ ಮುಖವನ್ನೂ ಅದೇ ರೀತಿ ನೋಡಲೇಬೇಕು. ಅದನ್ನು ಮರೆಯುವವರೇ ಹೆಚ್ಚು.

ಯಾವ ಗ್ಯಾಸ್ಕೆಟ್ ಕೊಳ್ಳಬೇಕು?

ಪುಣೆಯಲ್ಲಿ ಹಳೆಯ ಬೈಕಿನ ಬಿಡಿಭಾಗಗಳಿಗೆ ನಾನಾ ಪೇಟೆಗೆ ಹೋಗುವುದು ರೂಢಿ. ಅಲ್ಲಿ ಕಂಪನಿಯ ಪ್ಯಾಕಿಂಗೂ ಸಿಗುತ್ತದೆ, ‘ಲೋಕಲ್’ ಕೂಡ ಸಿಗುತ್ತದೆ. ಎರಡರ ಬೆಲೆಯ ವ್ಯತ್ಯಾಸಕ್ಕಿಂತ ಹೆಡ್ ಮತ್ತೊಮ್ಮೆ ಬಿಚ್ಚುವ ಕೂಲಿ ಬಹಳ ಹೆಚ್ಚು ಎಂಬುದನ್ನು ಮರೆಯಬಾರದು. ಹಳೆಯ ಗ್ಯಾಸ್ಕೆಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಒಂದರ ಮೇಲೊಂದಿಟ್ಟು, ಎಣ್ಣೆಯ ತೂತುಗಳೆಲ್ಲ ಹೊಂದುತ್ತವೆಯೇ, ನಡುವಿನ ದೊಡ್ಡ ತೂತು ಬೋರಿಗಿಂತ ಚಿಕ್ಕದಾಗಿಲ್ಲವೇ ಎಂದು ನೋಡಿ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ ಎಂಜಿನ್‌ನಲ್ಲಿ ಈ ಕೊನೆಯ ಮಾತು ಮುಖ್ಯ. ಗ್ಯಾಸ್ಕೆಟ್ಟಿನ ಅಂಚು ಬೋರಿನೊಳಗೆ ಚಾಚಿಕೊಂಡರೆ ಅದು ಕೆಂಡದಂತೆ ಕಾದು ಪೆಟ್ರೋಲನ್ನು ಅವಧಿಗೆ ಮುನ್ನವೇ ಹೊತ್ತಿಸುತ್ತದೆ. ಹೆಡ್ಡನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್‌ಗಳ ಸುತ್ತ ಕೂರುವ ಸಣ್ಣ ಓ-ರಿಂಗ್ ಇರುವ ಎಂಜಿನ್ ಆದರೆ ಅದನ್ನೂ ಜೊತೆಗೇ ಕೊಳ್ಳಿ.

ತೀರಾ ಅಪರೂಪದ ಬೈಕಿಗೆ ಎಲ್ಲೂ ಸಿಗದಿದ್ದರೆ ತಾಮ್ರದ ತಗಡಿನಿಂದ ಮಾಡಿಸಬಹುದು. ದಪ್ಪ ಮಾತ್ರ ಮೂಲದಷ್ಟೇ ಇರಬೇಕು.

ತಾಮ್ರದ ಹಳೆಯ ಗ್ಯಾಸ್ಕೆಟನ್ನು ಮತ್ತೆ ಬಳಸಬಹುದೇ?

ಹರಿಯದೆ, ಸುಡದೆ ಇದ್ದರೆ ಬಳಸಬಹುದು, ಆದರೆ ಹದ ಮಾಡಿದ ಮೇಲೆ. ಒತ್ತಡಕ್ಕೆ ಸಿಕ್ಕಿದ ತಾಮ್ರ ಗಡಸಾಗುತ್ತದೆ. ಅದನ್ನು ಮಬ್ಬು ಬೆಳಕಿನಲ್ಲಿ ಗ್ಯಾಸ್ ಟಾರ್ಚಿನಿಂದ ಮಂದ ಕೆಂಪು ಬಣ್ಣ ಬರುವವರೆಗೆ ಸಮವಾಗಿ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನಂತೆ ನೀರಿಗೆ ಹಾಕಿದರೆ ಗಡಸಾಗುತ್ತದೆ ಎಂಬ ಭಯ ಬೇಡ, ತಾಮ್ರಕ್ಕೆ ಆ ಗುಣವಿಲ್ಲ. ನೀರಿನಿಂದ ಆಗುವ ಲಾಭವೆಂದರೆ ಮೇಲಿನ ಕಪ್ಪು ಪೊರೆ ಬಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಗ್ಯಾಸ್ಕೆಟ್ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅದು 660 ಡಿಗ್ರಿಗೇ ಕರಗುತ್ತದೆ, ಕೆಂಪಗಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ. ನಾರು ಮತ್ತು ತಗಡು ಸೇರಿಸಿ ಮಾಡಿದ ಗ್ಯಾಸ್ಕೆಟ್ ಒಮ್ಮೆ ಬಿಚ್ಚಿದರೆ ಮುಗಿಯಿತು.

ಗ್ಯಾಸ್ಕೆಟ್ಟಿಗೆ ಗಮ್ ಹಚ್ಚಬೇಕೇ?

ಅನಾಬಾಂಡ್‌ನಂಥ ಸಿಲಿಕೋನ್ ಗಮ್‌ಗಳು ಸೈಡ್ ಕವರುಗಳಿಗೆ ಒಳ್ಳೆಯವು. ಹೆಡ್ ಗ್ಯಾಸ್ಕೆಟ್ಟಿನಲ್ಲಿ ಅವುಗಳಿಗೆ ಜಾಗವಿಲ್ಲ. ಬೆಂಕಿಯ ಬಿಸಿಯನ್ನು ಅವು ತಾಳುವುದಿಲ್ಲ, ಒತ್ತಿದಾಗ ಹೊರಬಂದ ಗಮ್ಮಿನ ಎಳೆ ಎಣ್ಣೆಯ ಕಿಂಡಿಯನ್ನು ಮುಚ್ಚಿದರೆ ಕ್ಯಾಮ್ ಒಣಗಿ ಹಾಳಾಗುತ್ತದೆ. ಮುಖ ಸಪಾಟಾಗಿದ್ದರೆ ಗಮ್ ಬೇಡ, ಸಪಾಟಾಗಿಲ್ಲದಿದ್ದರೆ ಗಮ್ ಸಾಲದು.

ಎರಡು ಗ್ಯಾಸ್ಕೆಟ್ ಒಟ್ಟಿಗೆ ಹಾಕಿದರೆ ಹೇಗೆ?

ಬೇಡ. ಕಂಪ್ರೆಶನ್ ಇಳಿಯುತ್ತದೆ, ಸೋರಲು ಇನ್ನೊಂದು ಸಂದು ಹುಟ್ಟುತ್ತದೆ, ಕ್ಯಾಮ್ ಚೈನ್ ಇರುವ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಕೂಡ ತುಸು ಹಿಂದಾಗುತ್ತದೆ.

ನಟ್‌ಗಳನ್ನು ಎಷ್ಟು ಬಿಗಿ ಮಾಡಬೇಕು? ಟಾರ್ಕ್ ರೆಂಚ್ ಇಲ್ಲದೆ ಆಗದೇ?

ಅನುಭವಿ ಕೈ ಬೇರೆ ಮಾತು, ಆದರೆ ನಮ್ಮಂಥವರಿಗೆ ಆಗುವುದಿಲ್ಲ. ಎಷ್ಟು ಎಂಬುದು ಸ್ಟಡ್‌ನ ದಪ್ಪವನ್ನು ಅವಲಂಬಿಸಿದೆ. 8 ಮಿಲಿಮೀಟರ್ ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್-ಮೀಟರ್ ಸುಮಾರು, ಅಂದರೆ 2ರಿಂದ 2.5 ಕೆಜಿ-ಮೀಟರ್, 6 ಮಿಲಿಮೀಟರ್ ಆದರೆ ಅದರ ಅರ್ಧದಷ್ಟು. ನಿಮ್ಮ ಬೈಕಿನ ಮ್ಯಾನುವಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಕಾರಿನ ಗ್ಯಾರೇಜಿನ ದೊಡ್ಡ ರೆಂಚ್ ಇಷ್ಟು ಸಣ್ಣ ಅಂಕಿಗಳಲ್ಲಿ ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಚಿಕ್ಕದನ್ನೇ ಎರವಲು ಪಡೆಯಿರಿ.

ಡೋವೆಲ್ ಪಿನ್‌ಗಳು ತಮ್ಮ ಜಾಗದಲ್ಲಿವೆಯೇ ಎಂದು ಖಚಿತಪಡಿಸಿಕೊಂಡು ಗ್ಯಾಸ್ಕೆಟ್ ಮತ್ತು ಹೆಡ್ಡನ್ನು ಕೂರಿಸಿ, ಎಲ್ಲ ನಟ್‌ಗಳನ್ನು ಮೊದಲು ಬೆರಳಿನಿಂದಲೇ ಮುಟ್ಟುವವರೆಗೆ ತಿರುಗಿಸಿ. ಅನಂತರ ಎದುರುಬದುರಾಗಿ, ಗುಣಾಕಾರ ಚಿಹ್ನೆಯ ಆಕಾರದಲ್ಲಿ, ಮೂರು ಸುತ್ತಿನಲ್ಲಿ ಅಂತಿಮ ಬಿಗಿತಕ್ಕೆ ಬನ್ನಿ. ಕೊನೆಯ ಅಂಕಿ 22 ಆದರೆ 8, 15, 22 ಎಂಬಂತೆ. ಸ್ಟಡ್‌ನ ಹಲ್ಲುಗಳು ಶುಚಿಯಾಗಿರಬೇಕು. ತುಕ್ಕು ಹಿಡಿದ ಹಲ್ಲಿನಲ್ಲಿ ಅರ್ಧ ಬಲ ಉಜ್ಜಾಟಕ್ಕೇ ಹೋಗಿ, ರೆಂಚ್ ‘ಟಕ್’ ಎಂದರೂ ಗ್ಯಾಸ್ಕೆಟ್ ಮೇಲೆ ಭಾರ ಬಿದ್ದಿರುವುದಿಲ್ಲ.

ಕ್ಯಾಮ್ ಚೈನ್ ಎಂಜಿನ್ ಆದರೆ, ಟೈಮಿಂಗ್ ಗುರುತುಗಳನ್ನು ಫೋಟೋಗೆ ಹೋಲಿಸಿ ಸ್ಪ್ರಾಕೆಟ್ ಕೂರಿಸಿದ ಮೇಲೆ, ಕಿಕ್ ಹೊಡೆಯುವ ಮುನ್ನ ಎಂಜಿನ್‌ನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಗಲುವುದಿಲ್ಲವೆಂದು ನೋಡಬೇಕು.

ಒಂದು ನಟ್ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇದೆ. ಏನು ಮಾಡಲಿ?

ತಕ್ಷಣ ನಿಲ್ಲಿಸಿ. ಕ್ರ್ಯಾಂಕ್ ಕೇಸಿನ ಅಲ್ಯೂಮಿನಿಯಂ ಹಲ್ಲುಗಳು ಸ್ಟಡ್ ಜೊತೆಗೇ ಕಿತ್ತು ಬರುತ್ತಿವೆ. ಮತ್ತೆ ಬಿಚ್ಚಿ, ಆ ತೂತಿಗೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಹಾಕಿಸಬೇಕು. ಅದು ಮೂಲ ಹಲ್ಲಿಗಿಂತಲೂ ಗಟ್ಟಿ. ನಟ್ ಕೆಳಗೆ ಇನ್ನೊಂದು ವಾಷರ್ ತುರುಕಿ ಹೇಗೋ ನಿಲ್ಲಿಸಿಕೊಡುತ್ತೇನೆ ಎನ್ನುವವರಿಗೆ ಬೈಕ್ ಕೊಡಬೇಡಿ.

ಬುಲೆಟ್‌ನಲ್ಲಿ ಏನಾದರೂ ವಿಶೇಷವಿದೆಯೇ?

ಇದೆ. ಹಳೆಯ ಕಾಸ್ಟ್ ಐರನ್ ಬುಲೆಟ್ 350ರಲ್ಲಿ ವಾಲ್ವ್‌ಗಳನ್ನು ಆಡಿಸಲು ಕೆಳಗಿನಿಂದ ತಳ್ಳುವ ಕಡ್ಡಿಗಳಾದ ಪುಶ್‌ರಾಡ್‌ಗಳು ಓಡಾಡುವ ಸುರಂಗಗಳು ಬ್ಲಾಕಿನಲ್ಲೇ ಇವೆ, ಹೆಡ್ಡಿನ ಮೇಲೆ ವಾಲ್ವ್ ಒತ್ತುವ ಸನ್ನೆಗಳಾದ ರಾಕರ್‌ಗಳಿಂದ ಕೆಳಗಿಳಿಯುವ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಬಲಬದಿಯಲ್ಲಿ ಹೆಡ್ಡಿನ ಕೆಳಗೆ ಎಣ್ಣೆ ಕಂಡರೆ ಆ ಸುರಂಗದ ಸುತ್ತ ಗ್ಯಾಸ್ಕೆಟ್ ಸರಿಯಾಗಿ ಒತ್ತಿಲ್ಲ ಎಂದರ್ಥ, ರಾಕರ್ ಕವರಿನಿಂದ ಇಳಿದು ಬಂದದ್ದಲ್ಲ ಎಂದು ಖಚಿತವಾದ ಮೇಲೆ. ಹೆಡ್ ಬಿಗಿ ಮಾಡಿದಾಗಲೆಲ್ಲ ಗ್ಯಾಸ್ಕೆಟ್ ತೆಳುವಾಗಿ ಟ್ಯಾಪೆಟ್ ಸಂದು ಬದಲಾಗುತ್ತದೆ. ತಣ್ಣಗಿರುವಾಗ, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ, ಪುಶ್‌ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ನಾನೇ ಮಾಡಲಾರೆ. ಮೆಕ್ಯಾನಿಕ್ಕಿಗೆ ಏನೆಂದು ಹೇಳಬೇಕು?

ಕೆಲಸ ಒಪ್ಪಿಸುವ ಮುನ್ನ ಮೂರು ಮಾತು ಹೇಳಿ: ಬಿಚ್ಚಿದ ಮೇಲೆ ಹೆಡ್ ಮತ್ತು ಬ್ಲಾಕ್ ಎರಡರ ಮುಖವೂ ನನ್ನೆದುರು ತಪಾಸಣೆಯಾಗಬೇಕು, ತೆಗೆದ ಗ್ಯಾಸ್ಕೆಟ್ ನನಗೆ ಬೇಕು, ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ‘ಸಪಾಟ್’ ಎಂಬ ಮಾತು ಮರಾಠಿಯಲ್ಲೂ ನಮ್ಮ ಉತ್ತರ ಕರ್ನಾಟಕದ ಕನ್ನಡದಲ್ಲೂ ಒಂದೇ ಆದ್ದರಿಂದ ಭಾಷೆಯ ತೊಡಕಿಲ್ಲ. ಆದರೆ ‘ಘಟ್ಟ ಆಹೆ’ ಎಂದು ಅವರು ಹೇಳಿದರೆ ಹೊಸಬರು ಯಾವ ಘಟ್ಟದ ಮಾತೆಂದು ಗಾಬರಿಯಾಗಬೇಕಿಲ್ಲ, ನಟ್ ಬಿಗಿಯಾಗಿದೆ ಎಂದಷ್ಟೇ ಅದರರ್ಥ. ತೆಗೆದ ಗ್ಯಾಸ್ಕೆಟನ್ನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿ. ಗ್ಯಾಸ್ ಹಾದ ಜಾಗದಲ್ಲಿ ಬೋರಿನ ಅಂಚಿನಿಂದ ಹೊರಗಿನವರೆಗೆ ಕಪ್ಪು ಗೆರೆ ಎಳೆದಿರುತ್ತದೆ. ಅಂಥ ಗೆರೆ ಎಲ್ಲೂ ಇಲ್ಲದಿದ್ದರೆ, ಹೋದದ್ದು ಗ್ಯಾಸ್ಕೆಟ್ ಹೌದೇ ಎಂದು ಮತ್ತೆ ಯೋಚಿಸಬೇಕು.

ಜೋಡಿಸಿದ ಮೇಲೆ ಎಷ್ಟು ದಿನ ಎಚ್ಚರದಿಂದಿರಬೇಕು?

ಮೊದಲ ಸಲ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಎರಡು ಮೂರು ನಿಮಿಷ ಬಿಟ್ಟು, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ನಂತರ ಊರೊಳಗೆ ಒಂದು ಸುತ್ತು ಹೋಗಿ ಬಂದು ರಾತ್ರಿಯಿಡೀ ತಣಿಯಲು ಬಿಡಿ. ತಾಮ್ರದ ಅಥವಾ ಹಳೆಯ ಬಗೆಯ ನಾರಿನ ಗ್ಯಾಸ್ಕೆಟ್ ಆದರೆ ಮರುದಿನ ಬೆಳಿಗ್ಗೆ ಒಮ್ಮೆ, ಸುಮಾರು 200 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಬೇಕು: ಒಂದು ನಟ್ಟನ್ನು ತುಸು ಸಡಿಲಿಸಿ ಅದೇ ಅಂಕಿಗೆ ಮತ್ತೆ ತಂದು, ಆಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಅಷ್ಟು ದಿನ ಘಾಟ್ ಏರುವುದು, ಇಬ್ಬರು ಕೂತು ಜೋರಾಗಿ ಹೋಗುವುದು ಬೇಡ.

ನಮ್ಮ ಸಿಡಿ 100ಗೆ ಮರುಬಿಗಿತದ ವೇಳೆ ನಾಲ್ಕರಲ್ಲಿ ಒಂದೇ ಒಂದು ನಟ್ ಕೂದಲೆಳೆಯಷ್ಟು ತಿರುಗಿತು, ಉಳಿದ ಮೂರು ಕದಲಲಿಲ್ಲ. ಆ ವಾರವೇ ಪೌಡರ್ ಉದುರಿಸಿ ಕಾತ್ರಜ್ ಘಾಟ್ ಹತ್ತಿ ಇಳಿದು ಬಂದು ಬೆರಳಾಡಿಸಿ ನೋಡಿದೆ, ಪೌಡರು ಒಣಗಿಯೇ ಇತ್ತು. ಟ್ಯಾಪೆಟ್ ಮುಚ್ಚಳದ ಹೊಸ ಓ-ರಿಂಗ್ ಸುತ್ತಲೂ ಅಷ್ಟೇ.